ಅಮ್ಮಣ್ಣಿಯ ಕ್ಯಾಲೆಂಡರಿನ ಕೆಂಪು ಸೊನ್ನೆಗಳು

ನಿಮ್ಮ ಮನೆಯ ಗೋಡೆಯಲ್ಲೂ ಒಂದು ಕ್ಯಾಲೆಂಡರ್ ಇರುತ್ತದೆ. ಗ್ಯಾಸ್ ತಂದ ದಿನ, ಕಾಯಿ ಕೊಯ್ಯಿಸಿದ ದಿನ, ದನಕ್ಕೆ ಇಂಜೆಕ್ಷನ್ ಕೊಡಿಸಿದ ದಿನ, ಎಲ್ಲ ಅದರಲ್ಲೇ ಬರೆದಿರುತ್ತೀರಿ. ಒಂದು ಮೂಲೆಯಲ್ಲಿ ಇನ್ನೊಂದು ಗುರುತೂ ಇರುತ್ತದೆ. ಸಣ್ಣದೊಂದು ಸೊನ್ನೆ. ಅದು ಎಂತದೆಂದು ಗಂಡಸರು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ. ಆದರೆ ಮನೆಯವರಿಗೆಲ್ಲ ಗೊತ್ತು. ಹೌದೋ ಅಲ್ಲವೋ?

ತಲ್ಲೂರಿನ ಅಮ್ಮಣ್ಣಿಯವರ ಮನೆಯಲ್ಲಿ ಆ ಸೊನ್ನೆ ಕೆಂಪು ಪೆನ್ಸಿಲ್ಲಿನದು. ಹಿತ್ತಲಿನಲ್ಲಿ ನಾಗಬನ ಇರುವ ಮನೆ. ದೀಪ, ನಾಗನಿಗೆ ಹಾಲೆರೆಯುವ ತನು, ಪೂಜೆ ಎಂದು ವರ್ಷವಿಡೀ ಒಂದಲ್ಲ ಒಂದು ಇದ್ದೇ ಇರುತ್ತದೆ. ಹಾಗಾಗಿ ಸೊಸೆ ಸ್ವಾತಿ ಯಾವತ್ತು 'ಹೊರಗೆ' ಎನ್ನುವುದು ಅತ್ತೆಗೆ ಗೊತ್ತಿರಲೇಬೇಕು. ಆ ಮೂರು ದಿನ ಚಾವಡಿಯ ಪಕ್ಕದ ಕೋಣೆಯಲ್ಲಿ ಅವಳಿಗೆ ಬೇರೆ ಚಾಪೆ, ಬೇರೆ ಬಟ್ಟಲು, ಬೇರೆ ಚೊಂಬು. ಅಡುಗೆ ಇಲ್ಲ, ಗದ್ದೆ ಇಲ್ಲ, ಕೊಟ್ಟಿಗೆ ಇಲ್ಲ. ನಾಲ್ಕನೇ ದಿನ ಮಿಂದು ಒಳಗೆ ಬಂದರೆ ಮುಗಿಯಿತು, ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಲ್ಲಬೇಕು.

ಈಗ ಕೇಳಿ. ಆ ಕ್ಯಾಲೆಂಡರಿನಲ್ಲಿ ನಾಲ್ಕೈದು ತಿಂಗಳಿನಿಂದ ಬಿದ್ದ ಸೊನ್ನೆಗಳೆಲ್ಲ ಸುಳ್ಳು. ಸುಳ್ಳು ಹೇಳಿದವಳು ಸ್ವಾತಿ. ಬುಧವಾರ ಅಮ್ಮಣ್ಣಿಯವರು ಅದೇ ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ಸೊಸೆಯನ್ನು ಕುಂದಾಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವವರಿದ್ದರು. ಅದಕ್ಕೇ ಸ್ವಾತಿ ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಅಡುಗೆಮನೆಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಜಗಲಿಗೆ ಸುಮ್ಮನೆ ತಿರುಗುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ.

ಸುಳ್ಳು ಹೇಳುವ ಹೆಣ್ಣಲ್ಲ ಅದು. ಪಾಪ, ನಡೆದದ್ದು ಹೀಗೆ.

ಹೈಸ್ಕೂಲಿನಿಂದಲೂ ಸ್ವಾತಿಗೆ ಮುಟ್ಟಿನ ಹೊಟ್ಟೆನೋವು ಜೋರು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಕಮ್ಮಿಯಾಗುತ್ತದೆ ಎಂದರು, ಆಗಲಿಲ್ಲ. ಸೊಂಟ ಹಿಡಿಯುವುದು, ಹೊಟ್ಟೆ ಉಬ್ಬುವುದು, ಪಾಯಿಖಾನೆಗೆ ಕೂತರೆ ಜೀವ ಹೋದಂತಾಗುವುದು, ಮೈಯಲ್ಲಿ ಬಲವೇ ಇಲ್ಲದಿರುವುದು. ಕಳೆದ ಮೇ ತಿಂಗಳಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿ ಕಾಯಿಲೆಯ ಹೆಸರು ಹೇಳಿದರು. ಎಂಡೊಮೆಟ್ರಿಯೋಸಿಸ್. ದಿನಕ್ಕೊಂದು ಮಾತ್ರೆ ಬರೆದರು. ಈ ಮಾತ್ರೆ ತಿಂದರೆ ಮುಟ್ಟು ಬರುಬರುತ್ತಾ ಕಮ್ಮಿಯಾಗಿ ನಿಂತರೂ ನಿಲ್ಲಬಹುದು, ಹೆದರಬೇಡ ಎಂದು ಸ್ವಾತಿಗೆ ಹೇಳಿಯೂ ಇದ್ದರು.

ಜುಲೈ ಮುಗಿಯುವಾಗ ಮುಟ್ಟು ನಿಂತೇ ಹೋಯಿತು. ನೋವು ಅರ್ಧ ಇಳಿಯಿತು, ಇನ್ನರ್ಧ ಉಳಿಯಿತು. ಆದರೆ ಮಲಗುವ ಮೂರು ದಿನ ಮಾತ್ರ ಪೂರ್ತಿ ಹೋಯಿತು!

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುವಾಗ ಹೊಟ್ಟೆಯೊಳಗೆ ಯಾರೋ ಹಗ್ಗ ಎಳೆದ ಹಾಗಾಯಿತು. ಅವಳು ಅಲ್ಲೇ ಕುಸಿದು ಕೂತಳು. "ಎಂತ ಆಯ್ತ್ ಹೆಣೆ?" ಎಂದು ಅಮ್ಮಣ್ಣಿ ಓಡಿ ಬಂದರು. ಎಂತ ಹೇಳುವುದು? ಸ್ವಾತಿಯ ಬಾಯಿಗೆ ಬಂದದ್ದು ಒಂದೇ ಮಾತು. "ಹೊರ್ಗಾಯ್ತ್, ಅತ್ತೆ."

"ಹಾಂಗಾರೆ ಹೋಯ್ ಮನಿಕೊ. ಬಟ್ಟಿ ನಾನ್ ಕಾಣ್ತೆ."

ಅಷ್ಟೇ. ಚಾಪೆ ಸಿಕ್ಕಿತು, ಬಿಸಿ ಗಂಜಿ ಸಿಕ್ಕಿತು. ಕ್ಯಾಲೆಂಡರಿನಲ್ಲಿ ಕೆಂಪು ಸೊನ್ನೆ ಬಿತ್ತು. ಹದಿನೈದು ದಿನ ಬಿಟ್ಟು ಮತ್ತೊಂದು ಸೊನ್ನೆ. ಹೀಗೆ ತಿಂಗಳಿಗೆರಡು. ದೀಪಾವಳಿ ಮುಗಿದ ಮರುವಾರ ಬನದಲ್ಲಿ ನಾಗನಿಗೆ ಆಶ್ಲೇಷಾ ಬಲಿ ಪೂಜೆ ಇಟ್ಟುಕೊಂಡಿದ್ದರು. ಸುಧಾಕರ, ಸ್ವಾತಿ ಗಂಡ ಹೆಂಡತಿ ಕೂತು ಸಂಕಲ್ಪ ಮಾಡಬೇಕಿತ್ತು. ಹಿಂದಿನ ದಿನ ಇವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ಅವತ್ತೂ ಅದೇ ಮಾತು ಹೇಳಿದಳು. ಭಟ್ಟರಿಗೆ ಫೋನ್ ಹೋಯಿತು, ಪೂಜೆ ಮುಂದೆ ಹೋಯಿತು. ಅಮ್ಮಣ್ಣಿ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು ಎನಿಸಿತು ಸ್ವಾತಿಗೆ.

ಅದಾಗಿ ನಾಲ್ಕೇ ದಿನಕ್ಕೆ ಡಾಕ್ಟರರ ಹತ್ತಿರ ಹೋದಾಗ ಅಮ್ಮಣ್ಣಿಯೇ ಮುಂದೆ ಬಿದ್ದು ಹೇಳಿದರು. "ನಿಮ್ಮ್ ಮಾತ್ರಿ ತಿಂದ್ ಎಂತದೂ ಆಯ್ಲಿಲ್ಲೆ ಡಾಕ್ಟ್ರೇ. ಮೊದ್ಲ್ ತಿಂಗ್ಳಿಗ್ ಒಂದ್ ಸಲ ಇದ್ದಿತ್, ಈಗ್ಳ್ ಎರಡ್ ಸಲ."

ಡಾಕ್ಟರು ಹುಬ್ಬು ಗಂಟಿಕ್ಕಿದರು. "ಹಾಗೆ ಆಗಬಾರದಲ್ಲ! ನಾಲ್ಕು ವಾರ ಸರಿಯಾಗಿ ಬರೆದಿಟ್ಟುಕೊಂಡು ಬನ್ನಿ. ನಿಜವಾಗಿಯೂ ಎರಡು ಸಲ ರಕ್ತ ಹೋಗುತ್ತಿದ್ದರೆ ಮಾತ್ರೆ ಬದಲಿಸಬೇಕು. ಗರ್ಭಕೋಶದ ಒಳಗಿಂದ ಚೂರು ತೆಗೆದು ಪರೀಕ್ಷೆಗೂ ಕಳಿಸಬೇಕಾದೀತು." ಉಳಿದ ನೋವಿಗೆ ಫೋನಿನಲ್ಲಿ ನಡೆಯುವ ಒಂದು ತರಗತಿಯ ಹೆಸರನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಸ್ವಾತಿ ಅಲ್ಲೇ ಕೂತಿದ್ದಳು. ಬಾಯಿ ಬಿಡಲಿಲ್ಲ.

ಮನೆಗೆ ಬಂದು, ಸೊನ್ನೆಗಳೆಲ್ಲ ಸುಳ್ಳೆಂದು ಗಂಡನ ಹತ್ತಿರ ಮೆಲ್ಲಗೆ ಹೇಳಿದಳು. ಸುಧಾಕರ ಪೇಟೆಯಲ್ಲಿ ಪೈಂಟ್ ಅಂಗಡಿ ಇಟ್ಟವ, ಒಳ್ಳೆಯವನೇ, ಆದರೆ ಅಮ್ಮನೆಂದರೆ ಹೆದರಿಕೆ. "ಸುಮ್ನಿರ್ ಮಾರಾಯ್ತಿ, ಅಮ್ಮಂಗ್ ಗೊತ್ತಾರೆ ದೊಡ್ ರಾಮಾಯಣ ಆತ್ತ್" ಎಂದು ಬೈಕ್ ಹತ್ತಿದ. ಹೀಗೂ ಒಂದು ಸಹಾಯ!

ಎರಡು ದಿನ ಬಿಟ್ಟು ಮಧ್ಯಾಹ್ನ ಆಶಾ ಕಾರ್ಯಕರ್ತೆ ಚೇತನಾ ಬಂದಳು. ಅತ್ತೆ ಸೊಸೆ ಜಗಲಿಯಲ್ಲಿ ಬಿತ್ತನೆಗೆಂದು ನೆಲಗಡಲೆ ಬಿಡಿಸುತ್ತಿದ್ದರು. ಬೀಜ ಒಡೆಯಬಾರದು ನೋಡಿ, ಕೈಯಲ್ಲೇ ಬಿಡಿಸಬೇಕು.

"ಹ್ವಾಯ್ ಅಮ್ಮಣ್ಣಕ್ಕಾ, ಇದ್ರಿಯಾ?"

"ಬಾ, ಕೂಕೊ. ಸುಮ್ನೆ ಕೂಕಂಬ ಬದ್ಲ್ ನಾಕ್ ಕಡ್ಲಿ ಬಿಡ್ಸ್."

ಚೇತನಾ ಕೂತಳು, ಕೈಗೆ ಕಡಲೆ ತೆಗೆದುಕೊಂಡಳು. "ಡಾಕ್ಟ್ರ್ ಚೀಟಿಯಂಗೆ ಬರ್ದ್ ಕೊಟ್ಟಿರಂಬ್ರಲೆ. ಫೋನಂಗೆ ಎಂಟ್ ವಾರದ್ ಕ್ಲಾಸ್. ಸ್ವಾತಿ, ಸೇರ್ಕಂಡ್ಯಾ?"

ಅಮ್ಮಣ್ಣಿ ನಕ್ಕೇಬಿಟ್ಟರು. "ಫೋನ್ ಕಂಡ್ರೆ ಹೊಟ್ಟಿನೋವ್ ಹೋಪ್ದಾರೆ ಈ ಊರಂಗೆ ಯಾರಿಗೂ ಕಾಯ್ಲಿ ಇಪ್ಪುಕಿಲ್ಲೆ! ಬೆಳಿಗ್ಗೆ ಎದ್ರೆ ಎಲ್ಲರೂ ಅದನ್ನೇ ಕಾಂತ್ರಲೆ. ನಮ್ ಆಚಿಮನಿ ಬೇಬಿ ಎಂತ ಮಾಡ್ದಳ್ ಗೊತ್ತಿತ್ತಾ? ಫೋನಂಗೆ ಕಂಡ್ ಎಂತದೋ ಪುಡಿ ತರ್ಸಿ, ಬಿಪಿ ಮಾತ್ರಿ ಬಿಟ್, ವಾರ ಇಡೀ ತಲಿ ತಿರ್ಗಿ ಬಿದ್ಕಂಡಿದ್ಳ್."

"ಬೇಬಿಯಕ್ಕ ಮೋಸ ಹೋದ್ದ್ ಹೌದ್" ಎಂದಳು ಚೇತನಾ. "ಪುಡಿ ಮಾರುವವ್ರ್, ಇಪ್ಪತ್ತೊಂದ್ ದಿನಕ್ಕೆ ಪೂರಾ ಗುಣ ಅಂಬವ್ರ್, ಡಾಕ್ಟ್ರ ಮಾತ್ರಿ ಬಿಡಿ ಅಂಬವ್ರ್, ಅಂಥವ್ರ್ ಸಿಕ್ಕಿರೆ ಫೋನ್ ಇಟ್ಬಿಡ್ಕ್. ಇದ್ ಹಾಂಗಲ್ಲ. ಕಾಯ್ಲಿ ಬೇರಿಂದ ಹೋತ್ತ್ ಅಂದ್ ಇವ್ರ್ ಹೇಳುದೇ ಇಲ್ಲೆ. ಮಾತ್ರಿ ಒಟ್ಟಿಗೆ ನೋವನ್ನ ಹ್ಯಾಂಗೆ ಹಿಡ್ತದಂಗೆ ಇಟ್ಕಂಬ್ದ್ ಅಂದ್ ಕಲಿಸ್ತ್ರ್. ಡಾಕ್ಟ್ರೂ ಇರ್ತ್ರ್, ವ್ಯಾಯಾಮ ಹೇಳ್ಕೊಡುವವ್ರೂ ಇರ್ತ್ರ್."

"ನಮ್ಗೂ ಬತ್ತಿದ್ದಿತ್ ಮಾರಾಯ್ತಿ. ಹಲ್ ಕಚ್ಕಂಡ್ ನಟ್ಟಿ ಮಾಡಲ್ಯಾ ನಾವ್?"

"ಮಾಡಿರಿ. ಆದ್ರೆ ಇದ್ ಬರೀ ಮುಟ್ಟಿನ ನೋವಲ್ಲ ಅಮ್ಮಣ್ಣಕ್ಕ. ಗರ್ಭಕೋಶದ ಒಳ್ಗೆ ಒಂದ್ ಪದರ ಇರತ್ತಲ್ದಾ? ಅದೇ ನಮೂನಿದ್ ಹೊರ್ಗೂ ಬೆಳಿತ್ತ್. ಅಂಡಾಶಯದ ಮೇಲೆ, ಕರುಳಿನ ಹತ್ರ, ಎಲ್ಲೆಲ್ಲೋ. ಬೆಳ್ದಲ್ಲಿ ಉರಿ, ಎಳ್ತ, ನೋವು. ಯಾರ್ ಶಾಪವೂ ಅಲ್ಲ, ದೋಷವೂ ಅಲ್ಲ, ಸೋಮಾರಿತನ ಅಂತೂ ಅಲ್ವೇ ಅಲ್ಲ. ಮುಟ್ಟ್ ಇಲ್ದಿದ್ ದಿನವೂ ಈ ನೋವ್ ಬತ್ತ್."

ಸ್ವಾತಿಯ ಮಡಿಲಲ್ಲಿದ್ದ ಕಡಲೆ ಅಷ್ಟೂ ಜಗಲಿ ತುಂಬ ಚೆಲ್ಲಿತು.

"ಎಂತ ಹೆಣೆ, ನೋವ್ ಬಂತಾ?" ಎಂದರು ಅಮ್ಮಣ್ಣಿ.

"ಇಲ್ಲೆ ಅತ್ತೆ" ಎಂದು ಆರಿಸತೊಡಗಿದಳು. ಕಿವಿಯಲ್ಲಿ ಆ ಒಂದು ಮಾತೇ ಗುಂಯ್ ಅನ್ನುತ್ತಿತ್ತು. ಮುಟ್ಟು ಇಲ್ಲದ ದಿನವೂ ಬರುತ್ತದೆ. ಹಾಗಾದರೆ ತನಗೆ ಹುಚ್ಚಲ್ಲ. ನಾಟಕವೂ ಅಲ್ಲ.

ಅಮ್ಮಣ್ಣಿ ಕಡೆಗೆ, "ಸೇರ್ಕಂಬುದಾರೆ ಸೇರ್ಕೊ. ಕ್ಲಾಸಿನ ಹೆಸ್ರಂಗೆ ರೀಲ್ ಕಂಡ್ಕಂಡ್ ಕೂಕಂಡ್ರೆ ಮಾತ್ರ ಕಾಣ್" ಎಂದು ಒಪ್ಪಿದರು. ಒಪ್ಪಿದ್ದು ಅಲ್ಲ ಅದು, ಬಿಟ್ಟುಕೊಟ್ಟದ್ದು.

ಮನೆಯಲ್ಲಿ ನೆಟ್ ಸರಿ ಬರುವುದು ಹಿಂದಿನ ಮೆಟ್ಟಿಲಿನಲ್ಲಿ ಮಾತ್ರ. ವಾರಕ್ಕೊಮ್ಮೆ ಮೂರು ಗಂಟೆಗೆ ಸ್ವಾತಿ ಅಲ್ಲಿ ಕೂತಳು. ಮೊದಲ ವಾರವೇ ಒಂದು ಹಾಳೆ ಬಂತು, ದಿನಾ ತುಂಬಿಸಲು. ನೋವು ಎಷ್ಟು, ಸೊನ್ನೆಯಿಂದ ಹತ್ತರವರೆಗೆ. ರಕ್ತಸ್ರಾವ ಇದೆಯೋ ಇಲ್ಲವೋ. ನಿದ್ದೆ ಹೇಗಾಯಿತು. ಎಂತ ಮಾಡಿದಾಗ ಹೆಚ್ಚಾಯಿತು, ಎಂತ ಮಾಡಿದಾಗ ಇಳಿಯಿತು.

ಸ್ವಾತಿ ಪೆನ್ನು ಹಿಡಿದು ಹಾಗೇ ಕೂತಳು. ರಕ್ತಕ್ಕೆ ಒಂದು ಮನೆ, ನೋವಿಗೆ ಇನ್ನೊಂದು ಮನೆ. ಬೇರೆ ಬೇರೆ! ಅಮ್ಮಣ್ಣಿಯ ಕ್ಯಾಲೆಂಡರಿನಲ್ಲಿ ಎರಡಕ್ಕೂ ಇದ್ದದ್ದು ಒಂದೇ ಸೊನ್ನೆ. ಅವಳು ಬರೆದಳು. ರಕ್ತಸ್ರಾವ ಇಲ್ಲ. ನೋವು ಏಳು. ಬರೆದ ಮೇಲೆ ಅಳು ಬಂತು. ಸತ್ಯ ಬರೆಯಲು ಅವಳಿಗೆ ಅದುವರೆಗೆ ಜಾಗವೇ ಸಿಕ್ಕಿರಲಿಲ್ಲ.

ಕಲಿಸಿದ್ದು ಎಲ್ಲ ಸಣ್ಣ ಸಣ್ಣ ಸಂಗತಿಗಳೇ. ನೋವು ಬಂದಾಗ ನಾವು ಉಸಿರು ಬಿಗಿ ಹಿಡಿಯುತ್ತೇವೆ, ಕೆಳಹೊಟ್ಟೆ ಇನ್ನೂ ಬಿಗಿಯಾಗುತ್ತದೆ. ಹಾಗಾಗಿ ಹೊಟ್ಟೆ ಉಬ್ಬುವಂತೆ ನಿಧಾನ ಉಸಿರು ಎಳೆದು ಬಿಡುವುದು. ಅಂಗಾತ ಮಲಗಿ ಮೊಣಕಾಲನ್ನು ಮೆಲ್ಲಗೆ ಎದೆಗೆ ತರುವುದು. ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಡುವುದು. ಆಮೇಲೆ ಸ್ವಾತಿಗೆ ಬಹಳ ಹಿಡಿಸಿದ್ದೊಂದು: ಸುಸ್ತಾಗಿ ಬೀಳುವವರೆಗೆ ಕೆಲಸ ಮಾಡಬೇಡ, ಬೀಳುವ ಮೊದಲೇ ಏಳು. ಅವಳು ಕಡಲೆ ಬಿಡಿಸುವಾಗ ಫೋನಿನಲ್ಲಿ ಇಪ್ಪತ್ತು ನಿಮಿಷದ ಗಂಟೆ ಇಟ್ಟಳು. ಗಂಟೆ ಹೊಡೆದರೆ ಎದ್ದು ಅಂಗಳದಲ್ಲಿ ಒಂದು ಸುತ್ತು. ಅಮ್ಮಣ್ಣಿ, "ಇದೆಂತ, ಶಾಲಿ ಬೆಲ್ಲಾ?" ಎಂದು ತಮಾಷೆ ಮಾಡಿದರು. ಮಾಡಲಿ. ಮೂರನೇ ವಾರಕ್ಕೆ ಏಳು ಇದ್ದ ನೋವು ಕೆಲವು ದಿನ ಐದಕ್ಕೆ, ಒಮ್ಮೊಮ್ಮೆ ನಾಲ್ಕಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಒಂದು ದಿನ ಎಂಟಕ್ಕೂ ಹೋಯಿತು. ಆದರೆ ಆಗ ಎಂತ ಮಾಡಬೇಕೆಂದು ಗೊತ್ತಿತ್ತು.

ನಾಲ್ಕನೇ ವಾರ ಎಲ್ಲರೂ ಸೇರಿ ಮಾತಾಡುವ ದಿನ. ಬೈಂದೂರಿನ ಯಡ್ತರೆಯ ರಮಿತಾ ಎನ್ನುವವಳು ಮುಖ ತೋರಿಸದೆ ಬರಿ ದನಿಯಲ್ಲಿ ಹೇಳಿದಳು. "ನಾನ್ ಬಟ್ಟಿ ಅಂಗ್ಡಿಯಂಗೆ ಕೆಲ್ಸಕ್ ಹೋಪ್ದ್. ನೋವ್ ಅಂದ್ರೆ ಯಾರೂ ನಂಬುದಿಲ್ಲೆ. ಅದ್ಕೆ ಜ್ವರ ಅಂದ್ ಹೇಳ್ತೆ. ವರ್ಷದಂಗೆ ಹನ್ನೆರಡ್ ಸಲ ಜ್ವರ ನಂಗೆ." ಬ್ರಹ್ಮಾವರದ ವಿನಯಾ ಬಸ್ಸು ತಪ್ಪಿತೆಂದು ಕಾಲೇಜಿನಲ್ಲಿ ಹೇಳುತ್ತಾಳಂತೆ. ಸ್ವಾತಿಗೆ ನಗುವೋ ಅಳುವೋ ತಿಳಿಯಲಿಲ್ಲ. ಪ್ರತಿ ಮನೆಗೂ ಒಂದೊಂದು ಸುಳ್ಳು!

ತರಗತಿ ನಡೆಸುವ ಮೇಡಂ ಹೇಳಿದರು: "ಮನೆಯಲ್ಲಿ ಯಾವ ಸುಳ್ಳು ನಡೆಯುತ್ತದೋ ನಂಗೆ ಗೊತ್ತಿಲ್ಲ. ಡಾಕ್ಟರರ ಹತ್ತಿರ ಮಾತ್ರ ಬೇಡ. ಅವರು ನಿಮ್ಮ ಮಾತು ನಂಬಿಯೇ ಮದ್ದು ಕೊಡುವುದು. ಈ ಹಾಳೆ ತೋರಿಸಿ."

ಅದು ಸೋಮವಾರ. ನಡುವೆ ಉಳಿದದ್ದು ಮಂಗಳವಾರ ಒಂದೇ.

ಮಂಗಳವಾರ ಊಟವಾದ ಮೇಲೆ ಅಮ್ಮಣ್ಣಿ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಜಗಲಿಯಲ್ಲಿ ಹರಡಿದರು. ಕನ್ನಡಕ ಹಾಕಿಕೊಂಡು ಬೆರಳು ಇಟ್ಟು ಸೊನ್ನೆ ಎಣಿಸಿದರು. "ಆಗಸ್ಟಂಗೆ ಎರಡ್, ಸೆಪ್ಟೆಂಬರಂಗೆ ಎರಡ್... ನಾಳೆ ಡಾಕ್ಟ್ರ ಎದ್ರೇ ಹಾಕ್ತೆ. ಚೂರ್ ತೆಗೂದಾರೆ ತೆಗೀಲಿ. ಇದಕ್ಕೊಂದ್ ಕಡಿ ಕಾಣ್ಕಲ್ದಾ?"

ಸ್ವಾತಿ ಒಳಗೆ ಹೋದಳು, ಹೊರಗೆ ಬಂದಳು. ಕೊಟ್ಟಿಗೆಯವರೆಗೆ ನಡೆದಳು, ತಿರುಗಿ ಬಂದಳು. ನೀರು ಕುಡಿದಳು.

"ಎಂತ ಹೆಣೆ, ಸುಟ್ಟ್ ಬೆಕ್ಕಿನ್ ಹಾಂಗೆ ತಿರುಗ್ತೆ? ಕೂಕೊ."

"ಅತ್ತೆ, ಅದನ್ನ ತಕಂಡ್ ಹೋಪುದ್ ಬ್ಯಾಡ."

"ಎಂತಕೆ?"

"ಆ ಸೊನ್ನಿ ಎಲ್ಲ ಸುಳ್ಳ್."

ಹೇಳಿಬಿಟ್ಟಳು. ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. ಜುಲೈಯಿಂದ ಮುಟ್ಟೇ ಆಗಲಿಲ್ಲ. ಮಾತ್ರೆ ಕೆಲಸ ಮಾಡಿದೆ. ಉಳಿದ ನೋವಿಗೆ ಮಲಗಬೇಕಿತ್ತು, ಬೇರೆ ದಾರಿ ಕಾಣಲಿಲ್ಲ. ಆಶ್ಲೇಷಾ ಬಲಿಯ ಹಿಂದಿನ ದಿನ ಹೇಳಿದ್ದೂ ಸುಳ್ಳೇ. ನಿಜ ಇರುವುದು ತರಗತಿಯವರು ಕೊಟ್ಟ ಹಾಳೆಯಲ್ಲಿ.

ಅಮ್ಮಣ್ಣಿಯ ಮುಖ ಕೆಂಪಾಯಿತು. "ನಾಗನ ಎದ್ರ್ ಸುಳ್ಳಾ? ನಮ್ಮನಿಯಂಗೆ? ಭಟ್ಟ್ರಿಗೆ ಬ್ಯಾಡ ಅಂದವ್ಳ್ ನಾನ್! ಮನಿಕಂತೆ ಅತ್ತೆ, ನೋವ್ ಇತ್ತ್ ಅಂದ್ ಹೇಳುಕೆ ಬಾಯಿ ಇಲ್ದಾ ನಿಂಗೆ?"

"ಹೇಳಿದ್ದೆ ಅತ್ತೆ" ಎಂದಳು ಸ್ವಾತಿ. "ಹೋದ್ ವರ್ಷ ನಟ್ಟಿ ಟೈಮಂಗೆ ಹೇಳಿದ್ದೆ. 'ನಾಕನೇ ದಿನ ಮಿಂದಾಯ್ತಲೆ, ಇನ್ನೆಂತ ನೋವು' ಅಂದ್ರಿ ನೀವ್. ಅವತ್ತ್ ನಾನ್ ಗದ್ದಿಗ್ ಹೋಯಿ, ಅಂಚಿನ ಮೇಲೇ ವಾಂತಿ ಮಾಡ್ದೆ."

ಗದ್ದೆಯ ಅಂಚಿನ ಮೇಲೆ ವಾಂತಿ ಮಾಡಿದ್ದು ಅಮ್ಮಣ್ಣಿಗೆ ನೆನಪಿತ್ತು. ಬಿಸಿಲು ಹೊಡೆದಿದೆ ಎಂದು ಆವತ್ತು ಅವರೇ ಮಜ್ಜಿಗೆ ಕೊಟ್ಟಿದ್ದರು. ಎದ್ದು ಚಪ್ಪಲಿಯನ್ನೂ ಹಾಕದೆ ಹಿತ್ತಲಿಗೆ ನಡೆದುಬಿಟ್ಟರು.

ಸ್ವಾತಿ ಜಗಲಿಯ ಕಂಬ ಹಿಡಿದು ನಿಂತಳು. ತವರಿಗೆ ಹೋಗು ಎನ್ನುತ್ತಾರೋ, ಬಂದು ಬಾಯಿಗೆ ಬಂದಂತೆ ಬಯ್ಯುತ್ತಾರೋ. ಎಂತ ಬೇಕಾದರೂ ಹೇಳಲಿ, ಹೀಗೆ ಕಾಯಿಸದಿದ್ದರೆ ಸಾಕು ಎನಿಸಿತು. ಅಮ್ಮಣ್ಣಿ ಬನದ ಎದುರು ಬಹಳ ಹೊತ್ತು ನಿಂತಿದ್ದರು. ತಿರುಗಿ ಬಂದು ಮೆಟ್ಟಿಲಿನಲ್ಲಿ ಕೂತರು.

"ನಾಗಂಗೆ ಹೇಳ್ ಬಂದೆ" ಎಂದರು. "ತಪ್ಪ್ ಆಯ್ತ್, ಆದ್ರೆ ಅವ್ಳದ್ದ್ ಮಾತ್ರ ಅಲ್ಲ ಅಂದ್ ಹೇಳ್ದೆ."

ಸ್ವಾತಿ ಕಂಬ ಬಿಟ್ಟು ಅವರ ಪಕ್ಕ ಬಂದು ಕೂತಳು.

"ನಾನೂ ಹಲ್ ಕಚ್ಕಂಡ್ ನಟ್ಟಿ ಮಾಡ್ದವ್ಳೇ. ಖುಷಿಯಂಗೆ ಮಾಡ್ದ್ ಅಲ್ಲ ಮಗಾ. ಕೇಳುವವ್ರ್ ಇರ್ಲಿಲ್ಲೆ, ಅದ್ಕೆ ಮಾಡ್ದೆ." ಕೈ ಚಾಚಿ, "ಎಲ್ಲಿತ್ತ್ ನಿನ್ ಆ ಹಾಳಿ? ತಾ, ಕಾಂಬ" ಎಂದರು.

ಬುಧವಾರ ಡಾಕ್ಟರರ ಕೋಣೆಯಲ್ಲಿ ಅಮ್ಮಣ್ಣಿ ಈ ಸಲವೂ ಮುಂದೆ ಬಿದ್ದರು. "ಹೋದ್ ಸಲ ನಾನ್ ಹೇಳದ್ದ್ ಬಿಟ್ಬಿಡಿ ಡಾಕ್ಟ್ರೇ. ಸೊನ್ನಿ ಸುಳ್ಳ್. ನೋವ್ ಸುಳ್ಳಲ್ಲ." ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು.

ಡಾಕ್ಟರು ಒಂದೊಂದಾಗಿ ನೋಡಿದರು, ಸ್ವಾತಿಯ ಬಾಯಿಂದ ಎಲ್ಲ ಕೇಳಿಸಿಕೊಂಡರು. ಬಯ್ಯಲಿಲ್ಲ. ಮಾತ್ರೆ ಸರಿಯಾಗಿಯೇ ಹಿಡಿದಿದೆ, ಬದಲಿಸುವುದು ಬೇಡ, ಚೂರು ತೆಗೆಯುವ ಪರೀಕ್ಷೆಯೂ ಈಗ ಬೇಡ ಎಂದರು. ಬಹಳ ಹೊತ್ತು ಕೂತ ದಿನ ನೋವು ಏರುವುದನ್ನು ಹಾಳೆಯಲ್ಲಿ ಗುರುತಿಸಿ, ಅದಕ್ಕೆ ಬೇರೆ ವ್ಯಾಯಾಮ ಬರೆದರು. ಫೋನಿನ ತರಗತಿ ಎಂಟೂ ವಾರ ಮುಗಿಸು, ಆದರೆ ಜೋರು ರಕ್ತಸ್ರಾವ, ಜ್ವರ, ತಲೆಸುತ್ತು, ತಡೆಯಲಾಗದ ನೋವು ಬಂದರೆ ಫೋನ್ ಹಿಡಿದು ಕೂರಬೇಡ, ಸೀದಾ ಆಸ್ಪತ್ರೆಗೆ ಬಾ ಎಂದೂ ಹೇಳಿದರು.

ಹೊಸ ವರ್ಷದ ಕ್ಯಾಲೆಂಡರ್ ಈಗ ಅದೇ ಮೊಳೆಯಲ್ಲಿದೆ. ಕೆಂಪು ಪೆನ್ಸಿಲ್ ಜೊತೆಗೆ ಅಮ್ಮಣ್ಣಿ ಮೊಮ್ಮಗಳ ಚೀಲದಿಂದ ಒಂದು ನೀಲಿ ಪೆನ್ಸಿಲ್ಲನ್ನೂ ಎತ್ತಿಟ್ಟುಕೊಂಡಿದ್ದಾರೆ. ನೀಲಿ ಗೆರೆ ನೋವಿನ ದಿನಕ್ಕೆ. ಅವತ್ತು ಸ್ವಾತಿ ಒಳಗೇ, ತನ್ನ ಮಂಚದಲ್ಲೇ ಮಲಗುತ್ತಾಳೆ. ಹಾಲು ಕಾಯಿಸುವುದು ಸುಧಾಕರ. ಮೊದಲ ದಿನ ಉಕ್ಕಿಸಿದ, ಈಗ ಕಲಿತಿದ್ದಾನೆ. ಮೊನ್ನೆ ಬಲಿಗೆ ಹೊಸ ದಿನ ಕೇಳಲು ಭಟ್ಟರಿಗೆ ಫೋನ್ ಮಾಡುವ ಮೊದಲು ಅಮ್ಮಣ್ಣಿ ಸೊಸೆಯನ್ನು ಕರೆದು, "ಹ್ವಾಯ್, ಆ ದಿನ ನಿಂಗ್ ಕೂಕಂಬುಕೆ ಆತ್ತಾ?" ಎಂದು ಕೇಳಿದರು. ಅವಳು "ನಡುವೆ ಒಂದ್ಸಲ ಎದ್ದ್ಕಂಡ್ ತಿರ್ಗ್ಕ್ ಅತ್ತೆ" ಅಂದಳು. ಅದನ್ನೂ ಭಟ್ಟರಿಗೆ ಹೇಳಿದರು.

ಅಮ್ಮಂದಿರೇ, ಅಕ್ಕಂದಿರೇ, ಈಗ ಎದ್ದು ನಿಮ್ಮ ಮನೆಯ ಕ್ಯಾಲೆಂಡರ್ ಒಮ್ಮೆ ನೋಡಿ. ನಿಮ್ಮ ಮಗಳೋ ಸೊಸೆಯೋ ಪದೇ ಪದೇ ಜ್ವರ ಎನ್ನುತ್ತಾಳಾ? ಬಸ್ಸು ತಪ್ಪಿತು ಎನ್ನುತ್ತಾಳಾ? ಬೈಯುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ಕೆಲಸ, ಶಾಲೆ, ನಿದ್ದೆ ಕೆಡಿಸುವ ಹೊಟ್ಟೆನೋವು ಹೆಣ್ಣಿನ ಹಣೆಬರಹವಲ್ಲ, ಕಾಯಿಲೆ ಇರಬಹುದು. ಡಾಕ್ಟರಿಗೆ ತೋರಿಸಿ. ಎಂಡೊಮೆಟ್ರಿಯೋಸಿಸ್ ಎಂದು ಗೊತ್ತಾದರೆ, ಮದ್ದಿನ ಜೊತೆ ಮನೆಯಲ್ಲೇ ಕೂತು ಕಲಿಯುವ ಒಳ್ಳೆಯ ಆನ್‌ಲೈನ್ ಕಾರ್ಯಕ್ರಮ ಯಾವುದಿದೆ ಎಂದು ಅವರನ್ನೇ ಕೇಳಿ. ಹೆಣ್ಣುಮಕ್ಕಳೇ, ನೋವನ್ನು ನೋವೆಂದೇ ಬರೆಯಿರಿ, ನೋವೆಂದೇ ಹೇಳಿ. ಮಲಗಲಿಕ್ಕೆ ನಿಮಗೆ ಸುಳ್ಳಿನ ಸೊನ್ನೆ ಬೇಡ.